ಇಪ್ಪತ್ತೊಂದು ದಿನಕ್ಕೊಮ್ಮೆಯ ಸೂಜಿ

ಮೂಡುಬಿದಿರೆ ಕಡೆಯಿಂದ ನಾಲ್ಕು ಪುಟಗಳ ಪತ್ರವೊಂದು ಬಂದಿದೆ. ಬರೆದವರಿಗೆ ಇಪ್ಪತ್ತಮೂರು ವರ್ಷ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಒಂಬತ್ತನೆಯ ವಯಸ್ಸಿನಲ್ಲಿ ಅವರಿಗೆ ಗಂಟಲು ನೋವು, ಜ್ವರ ಬಂದು ಹೋಯಿತು. ಕೆಲವು ತಿಂಗಳ ಬಳಿಕ ಬಲಗೈ ತನ್ನಷ್ಟಕ್ಕೆ ಕುಣಿಯತೊಡಗಿತು. ಚಮಚ ಜಾರಿ ಬೀಳುತ್ತಿತ್ತು. ಬರವಣಿಗೆ ಕಾಗೆ ಕಾಲು ಗುಬ್ಬಿ ಕಾಲಾಯಿತು. ತುಂಟತನವೆಂದು ತಿಳಿದ ಟೀಚರ್ ಅದೇ ಕೈಗೆ ಬೆತ್ತದ ಏಟು ಕೊಟ್ಟರು. ಕೊನೆಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಅದು ರುಮ್ಯಾಟಿಕ್ ಜ್ವರವೆಂದು ಗೊತ್ತಾಯಿತು. ಹೃದಯದ ಮೈಟ್ರಲ್ ಕವಾಟಕ್ಕೂ ಪೆಟ್ಟು ಬಿದ್ದಿತ್ತು. ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ಶುರುವಾಯಿತು. ಅಪ್ಪ ಕುವೈತಿನಲ್ಲಿ. ಅಮ್ಮ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಹೋಗಿ ಹರಕೆ ಹೊತ್ತರು: ಮಗನ ಕೈ ನೆಟ್ಟಗಾದರೆ ಆ ಕೈ ದೇವರಿಗೆ ಮಾತ್ರ ಪಿಟೀಲು ನುಡಿಸುತ್ತದೆ. ಕೈ ನೆಟ್ಟಗಾಯಿತು. ಈಗ ಅವರು ಊರಿನ ಇಗರ್ಜಿಯ ಗಾಯನ ಮಂಡಳಿಯಲ್ಲಿ ಪಿಟೀಲು ನುಡಿಸುತ್ತಾರೆ. ಈ ನಡುವೆ ದುಬೈನ ಹೋಟೆಲೊಂದರ ವಾದ್ಯತಂಡದಿಂದ ಕರೆ ಬಂದಿದೆ. ಹೋದರೆ ಹರಕೆ ಮುರಿಯುತ್ತದೆ, ಹೋಗದಿದ್ದರೆ ಮನೆಯ ಸಾಲ ತೀರುವುದಿಲ್ಲ. ಏನು ಮಾಡಲಿ ಎಂಬುದು ಅವರ ಪ್ರಶ್ನೆ.

ದುಬೈ ಸ್ವಲ್ಪ ಕಾಯಲಿ. ಮೂರನೆಯ ಪುಟದ ಅಡಿಯಲ್ಲಿ, ಆವರಣ ಚಿಹ್ನೆಯೊಳಗೆ, ಉಳಿದ ಅಕ್ಷರಕ್ಕಿಂತ ಸಣ್ಣದಾಗಿ ನೀವು ಒಂದು ಸಾಲು ಬರೆದಿದ್ದೀರಿ: "ತಪಸ್ಸುಕಾಲದ ಧ್ಯಾನಕೂಟದಲ್ಲಿ ಸಾಕ್ಷಿ ಹೇಳಿದ ಮೇಲೆ ಇಂಜೆಕ್ಷನ್ ನಿಲ್ಲಿಸಿದ್ದೇನೆ. ಎಂಟು ತಿಂಗಳಾಯಿತು, ಏನೂ ತೊಂದರೆಯಿಲ್ಲ."

ಆ ಸಾಲನ್ನು ಓದಿ ನಾನು ಚಹಾದ ಲೋಟವನ್ನು ಕೆಳಗಿಟ್ಟೆ. ನನ್ನ ಚಿಕ್ಕಮ್ಮನಿಗೂ ಇದೇ ಕಾಯಿಲೆಯಿತ್ತು. ಎರಡನೆಯ ಬಸಿರಿನಲ್ಲಿ ಉಬ್ಬಸ ಬಂದು ಅವರು ಆಸ್ಪತ್ರೆ ಸೇರುವ ತನಕ ಅದು ಯಾರಿಗೂ ತಿಳಿದಿರಲಿಲ್ಲ. ಅವರು ಮನೆಗೆ ಮರಳಲಿಲ್ಲ. ಏನೂ ತೊಂದರೆಯಿಲ್ಲ ಎಂದು ಅವರೂ ಹೇಳುತ್ತಿದ್ದರು.

ನಿಮ್ಮ ಕೈ ಕುಣಿದದ್ದಕ್ಕೆ ವೈದ್ಯರು ಸಿಡನ್‌ಹ್ಯಾಮ್ ಕೊರಿಯಾ ಎನ್ನುತ್ತಾರೆ. ಹದಿನೇಳನೆಯ ಶತಮಾನದ ಇಂಗ್ಲಿಷ್ ವೈದ್ಯರೊಬ್ಬರ ಹೆಸರು ಅದು. ಅದಕ್ಕೂ ಮೊದಲು ಯೂರೋಪಿನ ಜನ ಸಂತ ವೈಟಸರ ಹೆಸರು ಹಿಡಿದು ಅದನ್ನು ಸಂತನ ಕುಣಿತವೆಂದೇ ಕರೆಯುತ್ತಿದ್ದರು. ಈ ಕುಣಿತ ಸಾಮಾನ್ಯವಾಗಿ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿ ಇಳಿದುಹೋಗುತ್ತದೆ. ಕಾಯಿಲೆಯ ಬುಡ ಇರುವುದು ಬೇರೆ ಕಡೆ. ಗಂಟಲಿಗೆ ಬಂದ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನ ಮೇಲೆ ಹೊರಟ ದೇಹದ ಸೇನೆ, ಶತ್ರು ಯಾರೆಂದು ತಿಳಿಯದೆ ಸ್ವಂತ ಕೀಲು, ಮಿದುಳು, ಹೃದಯಗಳ ಮೇಲೇ ಬೀಳುತ್ತದೆ. ಈ ಜ್ವರ ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂಬುದು ವೈದ್ಯರ ಹಳೆಯ ಮಾತು. ಮತ್ತೊಮ್ಮೆ ಗಂಟಲು ಕೆಟ್ಟು ಜ್ವರ ಮರುಕಳಿಸಿದರೆ, ಮೊದಲೇ ಕಚ್ಚಿಸಿಕೊಂಡ ಕವಾಟಕ್ಕೆ ಇನ್ನೊಂದು ಕಚ್ಚು. ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಕೊಡುವುದು ಇದನ್ನು ತಡೆಯಲಿಕ್ಕೆ. ಬೇಲಿ ಗಟ್ಟಿಯಿದ್ದಷ್ಟು ದಿನ ದನ ನುಗ್ಗದು. ದನ ಬರಲೇ ಇಲ್ಲವಲ್ಲ ಎಂದು ಬೇಲಿ ಕಿತ್ತವರನ್ನು ಏನೆಂದು ಕರೆಯಬೇಕು?

ಕೈ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಎಲ್ಲರೂ ಕೈಯ ಸಾಕ್ಷಿ ಹೇಳುತ್ತಾರೆ. ಕವಾಟ ಎಕೋ ಎಂಬ ಹೃದಯದ ಸ್ಕ್ಯಾನ್ ಯಂತ್ರಕ್ಕೆ ಮಾತ್ರ ಕಾಣುತ್ತದೆ. ನಿಮ್ಮ ಕೊನೆಯ ಎಕೋ ಯಾವಾಗ ಆಯಿತೆಂದು ನಾಲ್ಕು ಪುಟಗಳಲ್ಲಿ ಎಲ್ಲೂ ಬರೆದಿಲ್ಲ.

ಈಗ ನಿಮ್ಮ ದೊಡ್ಡಪ್ಪನ ವಿಷಯ. ಪ್ರಾರ್ಥನಾ ಕೂಟ ನಡೆಸುವವರು ಅವರೇ. ಗುಣವಾದೆನೆಂದು ಮೈಕಿನಲ್ಲಿ ಹೇಳಿದವನು ಮತ್ತೆ ಸೂಜಿಗೆ ಮೈಯೊಡ್ಡಿದರೆ ದೇವರನ್ನು ನಂಬಲಿಲ್ಲವೆಂದೇ ಅರ್ಥ ಎಂದವರೂ ಅವರೇ. ಈ ಅಂಕಣವನ್ನು ಬಹುಕಾಲದಿಂದ ಓದುತ್ತಿರುವವರಿಗೆ ನನ್ನ ಹಟ ಗೊತ್ತಿದೆ: ಆಸ್ಪತ್ರೆಯ ಫೈಲು ಹೊತ್ತವರಿಗೆ ಮಾತ್ರ ಆ ಮನೆಯಲ್ಲಿ ಕಾಯಿಲೆಯ ಬಗ್ಗೆ ಮಾತನಾಡುವ ಹಕ್ಕು. ವರ್ಷಕ್ಕೆ ಹದಿನೇಳರಂತೆ ಲೆಕ್ಕ ಹಾಕಿದರೆ ನೀವು ಇನ್ನೂರಕ್ಕೂ ಹೆಚ್ಚು ಸಲ ಸೂಜಿ ಚುಚ್ಚಿಸಿಕೊಂಡಿದ್ದೀರಿ. ಪ್ಲಾಸ್ಟಿಕ್ ಚೀಲದಲ್ಲಿ ಫೈಲು ಹಿಡಿದುಕೊಂಡು ಬೆಳಗಿನ ಮೊದಲ ಬಸ್ಸಿನಲ್ಲಿ ಜೊತೆಗೆ ಬಂದದ್ದು ಅಮ್ಮ ಎಂದು ಬರೆದಿದ್ದೀರಿ. ದೊಡ್ಡಪ್ಪ ಒಂದು ಸಲವಾದರೂ ಬಂದಿದ್ದರೇ? ಬಿಳಿಯ ಪುಡಿಗೆ ನೀರು ಬೆರೆಸಿ ಸೀಸೆಯನ್ನು ಅಂಗೈಯಲ್ಲಿ ಉರುಳಿಸುವ ನರ್ಸ್, ಮಂದವಾದ ಆ ಮದ್ದು ಸೂಜಿಯಲ್ಲಿ ಕಟ್ಟಿಕೊಳ್ಳದಿರಲೆಂದು ಮಾಡುವ ಅವಸರ, ಮರಳುವಾಗ ಬಸ್ಸಿನ ಸೀಟಿನಲ್ಲಿ ಒಂದೇ ಪಕ್ಕಕ್ಕೆ ವಾಲಿ ಕುಳಿತ ಹುಡುಗ, ಇದರಲ್ಲಿ ಯಾವುದನ್ನು ಅವರು ಕಂಡಿದ್ದಾರೆ? ಪವಾಡ ನಡೆದ ಮೇಲೆ ಬಂದು ಮೈಕು ಹಿಡಿಯುವುದು ಸುಲಭ. ನನಗೆ ಅವರ ಮೇಲೆ ಎಳ್ಳಷ್ಟೂ ಕನಿಕರವಿಲ್ಲ.

ನಾನು ನಿಮ್ಮ ಧರ್ಮದವಳಲ್ಲ. ಆದರೆ ಸಿಸ್ಟರುಗಳ ಶಾಲೆಯಲ್ಲಿ ಹತ್ತು ವರ್ಷ ಓದಿದವಳು, ಬೈಬಲ್ ಪಾಠಕ್ಕೆ ಬಹುಮಾನವನ್ನೂ ಪಡೆದವಳು. ಎರಡನೆಯ ಅರಸುಗಳ ಗ್ರಂಥದ 20ನೆಯ ಅಧ್ಯಾಯವನ್ನು ತೆರೆಯಿರಿ. ಸಾವಿನ ದಡದಲ್ಲಿದ್ದ ಹಿಜ್ಕೀಯ ಅರಸನ ಪ್ರಾರ್ಥನೆಯನ್ನು ದೇವರು ಕೇಳಿ ಹದಿನೈದು ವರ್ಷ ಆಯುಷ್ಯ ಕೊಡುತ್ತಾರೆ. ಆ ಸುದ್ದಿ ತಂದ ಪ್ರವಾದಿ ಯೆಶಾಯ ಮರುಕ್ಷಣವೇ ಏನು ಕೇಳುತ್ತಾನೆ? ಹುಣ್ಣಿಗೆ ಕಟ್ಟಲು ಅಂಜೂರದ ಉಂಡೆ. ದೇವರ ಮಾತು ಕೈಯಲ್ಲಿದ್ದವನಿಗೆ ಮದ್ದು ಅವಮಾನವೆನಿಸಲಿಲ್ಲ. ನಿಮ್ಮ ಕಥೋಲಿಕ ಬೈಬಲಿನ ಸಿರಾಖನ ಗ್ರಂಥದ 38ನೆಯ ಅಧ್ಯಾಯವಂತೂ ವೈದ್ಯನನ್ನು ಗೌರವಿಸು ಎಂದೇ ಶುರುವಾಗುತ್ತದೆ. ದೇವರು ಮಣ್ಣಿನಿಂದ ಮದ್ದು ಹುಟ್ಟಿಸಿದರು, ವಿವೇಕಿ ಅದನ್ನು ಹೀಗಳೆಯುವುದಿಲ್ಲ ಎಂಬ ಅರ್ಥದ ಮಾತು ಅಲ್ಲಿದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡ ಪೆನಿಸಿಲಿನ್ ಬೂಷ್ಟಿನಿಂದ ಬಂದದ್ದು. ಅದಕ್ಕಿಂತ ಮಣ್ಣಿನ ಮದ್ದು ಇನ್ನಾವುದು?

ನಿಮ್ಮ ಕಸುಬಿನವರೇ ಒಬ್ಬರ ಸಂಗತಿ ಹೇಳುತ್ತೇನೆ. ಅಮೆರಿಕದ ಹಾಡುಗಾರ ಬಾಬಿ ಡಾರಿನ್‌ಗೂ ಬಾಲ್ಯದಲ್ಲಿ ಇದೇ ಜ್ವರ ಬಂದಿತ್ತು. ಹೆಚ್ಚು ಕಾಲ ಬದುಕುವುದಿಲ್ಲವೆಂದು ಕೇಳಿಸಿಕೊಂಡೇ ಬೆಳೆದ ಹುಡುಗ ದೇಶವೇ ತಿರುಗಿ ನೋಡುವ ಗಾಯಕನಾದ. 1971ರಲ್ಲಿ ಹೃದಯಕ್ಕೆ ಕೃತಕ ಕವಾಟಗಳನ್ನು ಹಾಕಿಸಿಕೊಂಡ. 1973ರಲ್ಲಿ ಹಲ್ಲಿನ ಚಿಕಿತ್ಸೆಗೆ ಮುನ್ನ ನುಂಗಬೇಕಾಗಿದ್ದ ಆ್ಯಂಟಿಬಯೋಟಿಕ್ ನುಂಗಲಿಲ್ಲ. ರಕ್ತಕ್ಕೆ ನಂಜೇರಿತು. ಅದೇ ಡಿಸೆಂಬರಿನಲ್ಲಿ, ಮತ್ತೊಂದು ಶಸ್ತ್ರಚಿಕಿತ್ಸೆಯ ಬೆನ್ನಿಗೇ, ಮೂವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಹಟ ಯಾರಿಗೂ ಕಡಿಮೆಯಿರಲಿಲ್ಲ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಭಾಗ ಇನ್ನೊಂದಿದೆ. ಕೈ ಇನ್ನೂ ಪೂರ್ತಿ ಹತೋಟಿಗೆ ಬರದ ದಿನಗಳಲ್ಲಿ ಸಂಜೆ ಅಮ್ಮ ಜಪಸರ ಹಿಡಿದು ಕೂರುತ್ತಿದ್ದರು. ಒಂದು "ನಮಾನ್ ಮರಿಯೆ"ಗೆ, ಅಂದರೆ ಕೊಂಕಣಿಯ ಮರಿಯಮ್ಮನ ಜಪಕ್ಕೆ, ಒಂದು ಕಮಾನು. ಬೆರಳು ಒತ್ತುವಂತಿಲ್ಲ, ಖಾಲಿ ತಂತಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡುಗದೆ ಎಳೆಯಬೇಕು. ನಡುಗಿದರೆ ಅಮ್ಮ ಮಣಿಯನ್ನು ಮುಂದಕ್ಕೆ ಜರುಗಿಸುವುದಿಲ್ಲ, ಅದೇ ನಮಾನ್ ಮತ್ತೊಮ್ಮೆ. ಐವತ್ತಮೂರು ಮಣಿ ಮುಗಿಯಲು ಮೊದಮೊದಲು ಎರಡು ಗಂಟೆ ಹಿಡಿಯುತ್ತಿತ್ತಂತೆ. ಇಷ್ಟು ದೊಡ್ಡ ಸಂಗತಿಯನ್ನು ಮೂರು ಸಾಲಿನಲ್ಲಿ ಮುಗಿಸಿ, ಧ್ಯಾನಕೂಟದ ಚಪ್ಪಾಳೆಗೆ ಒಂದಿಡೀ ಪುಟ ಕೊಟ್ಟಿದ್ದೀರಿ! ಸಂಜೆ ಮಣಿ ಎಣಿಸಿದ ಬೆರಳೇ ಕ್ಯಾಲೆಂಡರಿನಲ್ಲಿ ಇಪ್ಪತ್ತೊಂದನೆಯ ದಿನಕ್ಕೆ ಸುತ್ತು ಹಾಕುತ್ತಿತ್ತು. ಅವರಿಗೆ ಇವೆರಡೂ ಬೇರೆ ಬೇರೆಯಾಗಿರಲಿಲ್ಲ. ಬೇರೆ ಮಾಡಿದವರು ದೊಡ್ಡಪ್ಪ, ಒಪ್ಪಿದವರು ನೀವು. ನೀವು ಸೂಜಿ ಬಿಟ್ಟ ದಿನದಿಂದ ಅಮ್ಮ ಈ ವಿಷಯವನ್ನೇ ಎತ್ತಿಲ್ಲವೆಂದು ಬರೆದಿದ್ದೀರಿ. ಅದನ್ನು ಒಪ್ಪಿಗೆಯೆಂದು ತಿಳಿಯಬೇಡಿ. ಭಯದಿಂದ ಅವರ ಬಾಯಿ ಕಟ್ಟಿದೆ.

ಇನ್ನು ದುಬೈ. ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯ 1193ನೆಯ ನಿಯಮದ ಪ್ರಕಾರ ಹರಕೆ ಕಟ್ಟಿಹಾಕುವುದು ಹೊತ್ತವರನ್ನು ಮಾತ್ರ. ಹೊತ್ತದ್ದು ಅಮ್ಮ, ನೀವಲ್ಲ. ಅವರ ಮನಸ್ಸಿಗೆ ಭಾರವೆನಿಸಿದರೆ ಅದನ್ನು ಬಿಡಿಸುವ ಅಧಿಕಾರ ನಿಮ್ಮ ಇಗರ್ಜಿಯ ಧರ್ಮಗುರುಗಳಿಗೇ ಇದೆ, ಹೋಗಿ ಕೇಳಿ. ಅಲ್ಲಿಗೆ ಅದು ಮುಗಿಯಿತು.

ನಾನು ಹೇಳುವುದು ಒಂದೇ ಕೆಲಸ. ಈ ವಾರವೇ ಅಮ್ಮನನ್ನು ಕರೆದುಕೊಂಡು, ಹಳೆಯ ಫೈಲು ಹಿಡಿದುಕೊಂಡು, ಅದೇ ಹೃದ್ರೋಗ ತಜ್ಞರ ಬಳಿಗೆ ಹೋಗಿ ಎಂಟು ತಿಂಗಳು ಬಿಟ್ಟಿದ್ದೇನೆ ಎಂದು ಬಾಯಿಬಿಟ್ಟು ಹೇಳಿ. ಊರಿನ ಕ್ಲಿನಿಕ್ಕಿನಲ್ಲಿ ನೀವಾಗಿ ಚುಚ್ಚಿಸಿಕೊಳ್ಳಬೇಡಿ. ಇಷ್ಟು ಅಂತರದ ನಂತರ ಮೊದಲು ಯಾವ ಪರೀಕ್ಷೆ, ಎಕೋ ಯಾವಾಗ, ಇನ್ನೆಷ್ಟು ವರ್ಷ ಸೂಜಿ ಎಂಬುದನ್ನು ಅವರು ನಿರ್ಧರಿಸಲಿ. ಕವಾಟದ ಸ್ಥಿತಿ ನೋಡಿ ಕೆಲವರಿಗೆ ಇಪ್ಪತ್ತೈದು ವಯಸ್ಸಿನ ತನಕ, ಕೆಲವರಿಗೆ ಬದುಕಿನುದ್ದಕ್ಕೂ ಬೇಕಾಗುತ್ತದೆ. ದೊಡ್ಡಪ್ಪನಿಗೆ ಮೊದಲೇ ಹೇಳಬೇಕಾಗಿಲ್ಲ.

ಸೂಜಿಯ ನೋವು ಭಾನುವಾರದ ಬಲಿಪೂಜೆಯ ಹೊತ್ತಿಗೂ ಉಳಿದು, ಗಾಯನ ಮಂಡಳಿಯ ಬೆಂಚಿನ ಮೇಲೆ ಕೂರಲು ಆಗದಿದ್ದರೆ ನಿಂತು ನುಡಿಸಿ. ಪಿಟೀಲನ್ನು ನಿಂತು ನುಡಿಸಬಾರದೆಂದು ಯಾರೂ ಹೇಳಿಲ್ಲ.