ಬಕೆಟ್ ಹಿಡಿದವರಿಗೂ ಲೆಕ್ಕ ಬರುತ್ತದೆ

ಪತ್ರ: ಕೆಟ್ಟ ನದಿಯನ್ನು ಬದುಕಿಸಲು ತಜ್ಞರೂ ನಾಗರಿಕರೂ ಒಟ್ಟಿಗೆ ಕೂರಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಮೂವತ್ತು ವರ್ಷ ಒಳಚರಂಡಿ ಕೆಲಸ ಮಾಡಿದವನು ನಾನು. ಜನರನ್ನು ಕರೆದರೆ ಸಭೆ ಸಂತೆಯಾಗುತ್ತದೆ. ಅವರು ದಡದ ಪ್ಲಾಸ್ಟಿಕ್ ಆರಿಸಲಿ, ಸಾಕು. ನೀರಿನ ಲೆಕ್ಕವನ್ನು ಬಲ್ಲವರಿಗೆ ಬಿಡಲಿ.
— ನಿವೃತ್ತ ಎಂಜಿನಿಯರ್

ಸಂಪಾದಕರ ಉತ್ತರ: ಸ್ವಾಮಿ, ನಿಮ್ಮ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಉತ್ಸಾಹಿಗಳು ನದಿಗೆ ಮಾಡುವ ಉಪಚಾರ ಎಷ್ಟೋ ಸಲ ಉಪದ್ರವವೇ. ಬ್ಯಾಕ್ಟೀರಿಯಾ ಕಲಸಿದ ಮಣ್ಣಿನುಂಡೆಗಳನ್ನು ನೀರಿಗೆ ಎಸೆದು ಫೋಟೊ ತೆಗೆಸಿಕೊಳ್ಳುತ್ತಾರೆ. ಕೊಳಚೆ ನೀರಿನಲ್ಲಿ ಬ್ಯಾಕ್ಟೀರಿಯಾಕ್ಕೇನು ಬರ? ಅಲ್ಲಿ ಇಲ್ಲದಿರುವುದು ಆಮ್ಲಜನಕ. ಇನ್ನು ಕೆಲವರು ಯಂತ್ರ ತಂದು ಹೂಳು ಕಲಕುತ್ತಾರೆ. ತಳದಲ್ಲಿ ತೆಪ್ಪಗಿದ್ದ ಕೊಳೆ ಮೇಲೆದ್ದು, ಉಳಿದಿದ್ದ ಅಷ್ಟಿಷ್ಟು ಆಮ್ಲಜನಕವನ್ನೂ ನುಂಗಿ ಮೀನುಗಳನ್ನು ಕೊಲ್ಲುತ್ತದೆ. ಚರಂಡಿ ಸೇರುವ ಜಾಗದಲ್ಲೇ ನದಿ ಅತಿ ಕೆಟ್ಟಿರುತ್ತದೆ ಎಂದು ನಂಬುವವರೂ ಬಹಳ. ಆಮ್ಲಜನಕ ತಳ ಕಾಣುವುದು ಅಲ್ಲಲ್ಲ, ಹರಿವಿನಲ್ಲಿ ಸಾಕಷ್ಟು ಕೆಳಗೆ. ಓಹಿಯೊ ನದಿಯ ಮೇಲೆ ಕೆಲಸ ಮಾಡಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲೇ ಇದಕ್ಕೆ ಸಮೀಕರಣ ಕೊಟ್ಟರು. ಬರಿಗಣ್ಣಿಗೆ ಹೊಳೆಯುವ ಸಂಗತಿ ಇದಲ್ಲ. ತಜ್ಞರಿಗೆ ದೊಡ್ಡ ನಮಸ್ಕಾರ.

ಈಗ ನಿಮ್ಮ ‘ಲೆಕ್ಕ’ಕ್ಕೆ ಬರೋಣ. ಆ ಲೆಕ್ಕದ ಅಂಕಿ ಎಲ್ಲಿಂದ ಬರುತ್ತದೆ? ಸಾಮಾನ್ಯವಾಗಿ ತಿಂಗಳಿಗೊಂದು ಮಾದರಿ, ಅದೂ ಕಚೇರಿ ವೇಳೆಯಲ್ಲಿ. ಪಾಚಿ ತುಂಬಿದ ನದಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಆಮ್ಲಜನಕ ಉಕ್ಕುತ್ತದೆ. ಅದೇ ಪಾಚಿ ರಾತ್ರಿಯಿಡೀ ಉಸಿರಾಡಿ, ಬೆಳಗಿನ ಜಾವಕ್ಕೆ ನೀರನ್ನು ಬರಿದು ಮಾಡಿರುತ್ತದೆ. ಮೀನು ಸಾಯುವುದು ಆಗ. ಹನ್ನೊಂದು ಗಂಟೆಗೆ ಬಂದ ಜೀಪಿಗೆ ನದಿ ಆರೋಗ್ಯವಾಗಿಯೇ ಕಾಣುತ್ತದೆ. ಜಾವದ ನೀರನ್ನು ಸುಲಭವಾಗಿ ಹಿಡಿಯಬಲ್ಲವರು ದಡದಲ್ಲಿ ಮನೆಯಿರುವವರು. ರಾತ್ರಿ ಎರಡಕ್ಕೆ ಯಾವ ಮೋರಿ ಬಣ್ಣ ತಿರುಗುತ್ತದೆಂದು ಬಲ್ಲವರೂ ಅವರೇ.

ಜನರಿಂದ ಲೆಕ್ಕ ಆಗದು ಎಂದಿರಲ್ಲ, ಎಷ್ಟು ಸುಲಭ ನೋಡಿ. ಮಳೆ ನಿಂತು ಮೂರು ದಿನವಾದ ಮೇಲೂ ಹರಿಯುತ್ತಿರುವ ಮೋರಿಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಬೇಕು. ಅದು ಮಳೆನೀರಲ್ಲ, ಬಹುಪಾಲು ಕೊಳಚೆ. ಮೋರಿಯ ನೇರವಾದ ಹತ್ತು ಮೀಟರ್ ಉದ್ದಕ್ಕೆ ಎರಡು ಹಗ್ಗ ಕಟ್ಟಿ, ಮೇಲಿನ ಹಗ್ಗಕ್ಕೂ ಒಂದಿಷ್ಟು ಹಿಂದೆ ಒಂದು ಕಿತ್ತಳೆ ಹಣ್ಣು ಬಿಟ್ಟು, ಹಗ್ಗದಿಂದ ಹಗ್ಗಕ್ಕೆ ಎಷ್ಟು ಹೊತ್ತೆಂದು ನೋಡಿ. ಥರ್ಮೋಕೋಲ್ ಬೇಡ, ಅದು ಗಾಳಿಗೆ ಓಡುತ್ತದೆ. ಕಿತ್ತಳೆ ಅರೆ ಮುಳುಗಿ ನೀರಿನ ಜೊತೆಗೇ ಹೋಗುತ್ತದೆ. ಮೂರು ಸಲ ಬಿಟ್ಟು ಸರಾಸರಿ ತೆಗೆಯಿರಿ. 20 ಸೆಕೆಂಡ್ ಬಂದರೆ ವೇಗ ಸೆಕೆಂಡಿಗೆ 0.5 ಮೀಟರ್. ಮೇಲ್ಮೈ ನೀರು ಒಳಗಿನದಕ್ಕಿಂತ ಜೋರು, ಆದ್ದರಿಂದ 0.85ರಿಂದ ಗುಣಿಸಿ. ಅಗಲ 1.5 ಮೀಟರ್, ಸರಾಸರಿ ಆಳ 20 ಸೆಂಟಿಮೀಟರ್ ಎಂದುಕೊಳ್ಳಿ: ಸೆಕೆಂಡಿಗೆ ಸುಮಾರು 127 ಲೀಟರ್, ದಿನಕ್ಕೆ 1 ಕೋಟಿ 10 ಲಕ್ಷ ಲೀಟರ್. ಹೈಸ್ಕೂಲಿನ ಗಣಿತ ಇದು. ಕೊಳಚೆಗೆ ಇಳಿಯಕೂಡದು, ಆಳ ನೋಡಲು ಉದ್ದನೆಯ ಕೋಲು, ಕೈಗೆ ಗ್ಲೌಸ್.

ಹರಿವು ಗೊತ್ತಾದರೆ ಮೂಗಿನ ಮೋಸ ಬಯಲಾಗುತ್ತದೆ. ಗಬ್ಬು ನಾರುವ ಸಣ್ಣ ಮೋರಿಯೊಂದರಲ್ಲಿ ಸೆಕೆಂಡಿಗೆ 5 ಲೀಟರ್, ಬಿಒಡಿ (ನೀರಿನ ಕೊಳೆಯನ್ನು ಅರಗಿಸಲು ಬ್ಯಾಕ್ಟೀರಿಯಾ ನುಂಗುವ ಆಮ್ಲಜನಕದ ಅಳತೆ) ಲೀಟರಿಗೆ 400 ಮಿಲಿಗ್ರಾಂ ಇದ್ದರೆ, ಅದು ನದಿಗೆ ಹೊರಿಸುವ ಭಾರ ದಿನಕ್ಕೆ 173 ಕಿಲೊ. ಅಷ್ಟೇನೂ ನಾರದ, 100 ಮಿಲಿಗ್ರಾಮಿನ ನಮ್ಮ ದೊಡ್ಡ ಮೋರಿ ಹೊರಿಸುವುದು ಸುಮಾರು 1,100 ಕಿಲೊ. ಪ್ರತಿಭಟನೆ ಮೊದಲನೆಯದರ ಮುಂದೆ ನಡೆಯುತ್ತದೆ, ಅನುದಾನವೂ ಅಲ್ಲಿಗೇ ಹೋಗುತ್ತದೆ. ಇಲ್ಲಿ ಜನರೂ ತಪ್ಪುತ್ತಾರೆ, ಇಲಾಖೆಯೂ ತಪ್ಪುತ್ತದೆ.

ಆಮ್ಲಜನಕದ ಪರೀಕ್ಷೆಯೂ ಹಳೆಯದೇ, 1888ರ ವಿಂಕ್ಲರ್ ವಿಧಾನ. 300 ಮಿ.ಲೀ. ಗಾಜಿನ ಸೀಸೆಯನ್ನು ನೀರೊಳಗೇ ತುಂಬಿಸಿ, ಒಂದು ಗುಳ್ಳೆಯೂ ಉಳಿಯದಂತೆ ಬಿರಡೆ ಹಾಕಬೇಕು. ಬಕೆಟ್ಟಿನಿಂದ ಸುರಿದರೆ ಗಾಳಿ ಬೆರೆತು, ಸತ್ತ ನದಿಯೂ ಬದುಕಿರುವಂತೆ ಕಾಣುತ್ತದೆ. ಮ್ಯಾಂಗನೀಸ್ ಸಲ್ಫೇಟ್ 2 ಮಿ.ಲೀ., ಕ್ಷಾರೀಯ ಅಯೊಡೈಡ್ ಅಜೈಡ್ 2 ಮಿ.ಲೀ. ಬಿಟ್ಟು ಸೀಸೆಯನ್ನು ತಲೆಕೆಳಗು ಮಾಡಿದರೆ ಗಸಿ ಕಟ್ಟುತ್ತದೆ. ಕಂದು ಬಣ್ಣವಾದರೆ ಆಮ್ಲಜನಕವಿದೆ. ಹಾಲಿನಂತೆ ಬೆಳ್ಳಗೆ ಉಳಿದರೆ ಇಲ್ಲವೇ ಇಲ್ಲ. ಆ ಬಿಳಿ ಗಸಿಯನ್ನು ಸೀಸೆಯಲ್ಲಿ ನೋಡಿದವರಿಗೆ ವರದಿಯ ನೂರು ಪುಟ ಬೇಡ. ಆಮೇಲಿನ ಆಮ್ಲ ಹಾಕುವುದು, ಟೈಟ್ರೇಶನ್ (ಬಲ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಆಮ್ಲಜನಕ ಎಷ್ಟೆಂದು ಅಳೆಯುವುದು) ಮಾಡುವುದು ಪ್ರಯೋಗಾಲಯದ ಕೆಲಸ. ಅಜೈಡ್ ವಿಷವೂ ಹೌದು. ತಜ್ಞರೂ ನಾಗರಿಕರೂ ಒಂದೇ ಸೀಸೆ ಹಿಡಿಯಬೇಕಾದದ್ದು ಇಲ್ಲಿ.

ಬಾಸ್ಟನ್ ಬಳಿಯ ಚಾರ್ಲ್ಸ್ ನದಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1995ರಲ್ಲಿ ಕೊಟ್ಟ ದರ್ಜೆ ‘ಡಿ’. ಮುಂದೆ ಅದು ‘ಬಿ’ಯ ಮೇಲಕ್ಕೂ ಏರಿತು. ಈ ಅಂಕಪಟ್ಟಿಗೆ ಆಧಾರವಾದ ಮಾದರಿಗಳನ್ನು ತಿಂಗಳು ತಿಂಗಳು ಹಿಡಿದು ತಂದವರು ಸ್ವಯಂಸೇವಕರು. ಪಂಜಾಬಿನ 160 ಕಿಲೋಮೀಟರಿನ ಕಾಲಿ ಬೇಯಿಂ ನದಿಯನ್ನು ಶುಚಿ ಮಾಡಲು 2000ದಲ್ಲಿ ಸಂತ ಬಲಬೀರ್ ಸಿಂಗ್ ಸೀಚೇವಾಲ್ ಇಳಿದಾಗ ಜೊತೆಗಿದ್ದದ್ದು ಅಂತರಗಂಗೆ ಕೀಳುವ ಕೈಗಳು. ವಾರಾಣಸಿಯ ವೀರಭದ್ರ ಮಿಶ್ರ ಒಬ್ಬರಲ್ಲೇ ನಿಮ್ಮ ಎರಡೂ ಪಕ್ಷಗಳಿದ್ದವು: ಸಂಕಟಮೋಚನ ದೇವಾಲಯದ ಮಹಂತರು, ವಿಶ್ವವಿದ್ಯಾಲಯದಲ್ಲಿ ಹೈಡ್ರಾಲಿಕ್ಸ್ ಪ್ರಾಧ್ಯಾಪಕರು. ಸರ್ಕಾರದ ಅಂಕಿಯನ್ನೇ ನೆಚ್ಚಿ ಕೂರದೆ ಗಂಗೆಯ ದಡದಲ್ಲೇ ಪ್ರಯೋಗಾಲಯ ಇಟ್ಟು ಅಳೆದರು. ವಿದ್ಯುತ್ ಹೋದರೆ ಪಂಪು ನಿಲ್ಲುತ್ತದೆ, ಪಂಪು ನಿಂತರೆ ಕೊಳಚೆ ನೇರ ಗಂಗೆಗೆ ಎಂಬುದು ಅವರ ದೂರಾಗಿತ್ತು. ದಡದಲ್ಲಿ ದಿನಾ ಮುಳುಗೇಳುವವರಿಗೆ ಕಾಣುವ ತಪ್ಪು ಅದು, ನಕಾಶೆಯಲ್ಲಿ ಕಾಣುವುದಿಲ್ಲ.

ನಿಮ್ಮ ಇಲಾಖೆಯ ಕಡೆಗೂ ಒಂದು ಮಾತು. ಶುದ್ಧೀಕರಿಸಿದ ನೀರಿನಲ್ಲಿ ಲೀಟರಿಗೆ ಬಿಒಡಿ 20, ಕರಗದೆ ತೇಲಾಡುವ ಕಣಗಳು 30 ಮಿಲಿಗ್ರಾಂ ಮೀರಬಾರದು ಎಂಬ ಸೂತ್ರ ನಿಮಗೆ ಬಾಯಿಪಾಠ. ಅದು ಬಂದದ್ದು ಕೊಳಚೆ ವಿಲೇವಾರಿ ಕುರಿತ ಬ್ರಿಟನ್ನಿನ ರಾಯಲ್ ಆಯೋಗದ 1912ರ ವರದಿಯಿಂದ. ಅದರಲ್ಲೇ ಒಂದು ಷರತ್ತಿತ್ತು: ನದಿಯಲ್ಲಿ ಆ ನೀರಿನ ಎಂಟು ಪಟ್ಟಾದರೂ ಶುದ್ಧ ನೀರು ಹರಿಯುತ್ತಿರಬೇಕು. ಅಂಕಿ ದೇಶ ದೇಶ ಸುತ್ತಿತು, ಷರತ್ತು ದಾರಿಯಲ್ಲೇ ಉದುರಿತು. ಮೇಲೆ ಅಣೆಕಟ್ಟು ಕಟ್ಟಿ ನೀರು ತಿರುಗಿಸಿಕೊಂಡ ನದಿಯಲ್ಲಿ ಬೇಸಿಗೆಗೆ ಎಂಟು ಪಟ್ಟು ಎಲ್ಲಿಂದ ಬರಬೇಕು? ಶುದ್ಧೀಕರಣ ಘಟಕ ಪಾಸು, ನದಿ ಫೇಲು. ಘಟಕವನ್ನು ಮೊದಲು ಕಟ್ಟಿ, ಮನೆಗಳಿಂದ ಪೈಪು ಎಳೆಯುವುದನ್ನು ಮರೆಯುವ ಕೆಲಸಕ್ಕಂತೂ ಹೆಸರೇ ಇಲ್ಲ. ಇನ್ನು ನದಿಯ ಎರಡೂ ಬದಿಗೆ ಕಾಂಕ್ರೀಟ್ ಗೋಡೆ, ದೀಪದ ಕಂಬ, ಕಲ್ಲು ಬೆಂಚು ಹಾಕಿ ‘ಪುನಶ್ಚೇತನ’ ಎಂದು ಫಲಕ ನೆಡುತ್ತಾರೆ. ಸತ್ತವರಿಗೆ ಪೌಡರ್ ಬಳಿದ ಹಾಗೆ. ಇಷ್ಟೆಲ್ಲ ನಕ್ಷೆ ಮುಗಿದು ಟೆಂಡರ್ ಆದ ಮೇಲೆ ‘ಸಾರ್ವಜನಿಕರ ಅಭಿಪ್ರಾಯ’ ಕೇಳಲು ಕರೆಯುತ್ತೀರಿ. ಅಂಥ ಸಭೆ ಸಂತೆಯಾಗದೆ ಇನ್ನೇನಾದೀತು?

ಯುರೋಪಿನ ರೈನ್ ನದಿಯ ದಂಡೆಯಲ್ಲಿ ಬೇರೆ ದಾರಿ ಹಿಡಿದರು. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರದ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು, ನಂದಿಸಿದ ನೀರಿನ ಜೊತೆ ಕೀಟನಾಶಕ ಹರಿದು ಹಾವುಮೀನುಗಳು ರಾಶಿ ರಾಶಿ ಸತ್ತವು. ಆಮೇಲೆ ನದಿಯ ದೇಶಗಳು ಇಟ್ಟುಕೊಂಡ ಗುರಿ ಬಿಒಡಿಯ ಭಾಷೆಯಲ್ಲಿರಲಿಲ್ಲ: 2000ದ ಹೊತ್ತಿಗೆ ಸಾಲ್ಮನ್ ಮೀನು ಮರಳಬೇಕು. ಮೀನು ಬಂತೇ ಇಲ್ಲವೇ ಎಂದು ಹೇಳಲು ಬೆಸ್ತನಿಗೂ ಬರುತ್ತದೆ, ವಿಜ್ಞಾನಿಗೂ ಬರುತ್ತದೆ.

ನೀವು ಮನಸ್ಸು ಮಾಡಿದರೆ ಒಂದು ಕೆಲಸ ಕಾದಿದೆ. ಟೈಟ್ರೇಶನ್ನಿಗೆ ಬೇಕಾದ ಥಯೋಸಲ್ಫೇಟ್ ದ್ರಾವಣ ಇಟ್ಟಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಬಲ 0.025 ನಾರ್ಮಲ್ ಎಂದು ಚೀಟಿ ಅಂಟಿಸಿದ ಸೀಸೆ ತಿಂಗಳಲ್ಲಿ ಸುಳ್ಳು ಹೇಳತೊಡಗುತ್ತದೆ. ಬಲ ಕುಂದಿದ ದ್ರಾವಣ ಹೆಚ್ಚು ಹನಿ ಬೇಡುವುದರಿಂದ, ನೀರಿನಲ್ಲಿ ಇಲ್ಲದ ಆಮ್ಲಜನಕವನ್ನು ಇದೆಯೆಂದು ತೋರಿಸುತ್ತದೆ. ನಾಗರಿಕರ ಲೆಕ್ಕ ಹೆಚ್ಚಾಗಿ ಹಾಳಾಗುವುದು ಇಂಥ ಕಡೆ. ವಾರಕ್ಕೊಮ್ಮೆ ಅದನ್ನು ಪೊಟ್ಯಾಸಿಯಂ ಡೈಕ್ರೋಮೇಟಿನ ಎದುರು ಅಳೆದು, ನಿಜವಾದ ಬಲವನ್ನು ಚೀಟಿಯ ಮೇಲೆ ತಾರೀಖಿನ ಸಮೇತ ಬರೆದುಕೊಡುವವರೊಬ್ಬರು ಬೇಕು. ಪ್ಲಾಸ್ಟಿಕ್ ಆರಿಸಲು ಬೇರೆಯವರಿದ್ದಾರೆ.