ಅಮೆರಿಕದ ಕ್ವಾರ್ಟರ್ (25 ಸೆಂಟ್) ನಾಣ್ಯಗಳ ಹಿಂಬದಿಯಲ್ಲಿ ಬೇರೆ ಬೇರೆ ಚಿತ್ರಗಳೇಕೆ? ಅವಕ್ಕೆ ಹೆಚ್ಚು ಬೆಲೆ ಸಿಗುತ್ತದೆಯೇ?

ನಿಮ್ಮ ನಾಣ್ಯ 2010ರಿಂದ 2021ರ ನಡುವಿನದಾಗಿದ್ದು, ಹಿಂಬದಿಯಲ್ಲಿ ಉದ್ಯಾನ, ಕೋಟೆ ಅಥವಾ ಸ್ಮಾರಕದ ಚಿತ್ರವಿದ್ದರೆ ಅದು ‘ಅಮೆರಿಕ ದ ಬ್ಯೂಟಿಫುಲ್’ ಸರಣಿಯದು. 50 ರಾಜ್ಯಗಳು, ರಾಜಧಾನಿ ವಾಷಿಂಗ್ಟನ್ ಮತ್ತು 5 ಅಧೀನ ಪ್ರದೇಶಗಳಿಗೆ ತಲಾ ಒಂದರಂತೆ ಒಟ್ಟು 56 ವಿನ್ಯಾಸಗಳು ಬಂದವು.

ಬಿಡುಗಡೆಯಾದ ಕ್ರಮ ನನಗೆ ಬಹಳ ಇಷ್ಟ. ಯಾವ ತಾಣಕ್ಕೆ ಮೊದಲು ಸರ್ಕಾರದ ರಕ್ಷಣೆ ಸಿಕ್ಕಿತೋ ಅದರ ನಾಣ್ಯವೇ ಮೊದಲು. ಹಾಗಾಗಿ 1872ರ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೂ ಮುಂಚೆ, 1832ರಲ್ಲೇ ಕಾಯ್ದಿಟ್ಟ ಅರ್ಕಾನ್ಸಾದ ಹಾಟ್ ಸ್ಪ್ರಿಂಗ್ಸ್‌ಗೆ ಅಗ್ರಸ್ಥಾನ. ಕೊನೆಯದು ಅಲಬಾಮಾದ ಟಸ್ಕೀಗಿಯ ಕಪ್ಪು ವರ್ಣೀಯ ವೈಮಾನಿಕರ ತಾಣ. 2020ರ ಅಮೆರಿಕನ್ ಸಮೋವಾ ನಾಣ್ಯವನ್ನಂತೂ ಹುಡುಕಿ ನೋಡಲೇಬೇಕು: ಮರಕ್ಕೆ ಜೋತುಬಿದ್ದ ತಾಯಿ ಬಾವಲಿ, ಅದರ ರೆಕ್ಕೆಯ ಆಸರೆಯಲ್ಲಿ ಮರಿ!

ಬೆಲೆಯ ವಿಷಯಕ್ಕೆ ಬಂದರೆ, ಚಲಾವಣೆಯಲ್ಲಿ ಸವೆದ ಬಹುತೇಕ ನಾಣ್ಯಗಳಿಗೆ 25 ಸೆಂಟ್ ಮಾತ್ರ. ಆದರೆ 2019 ಮತ್ತು 2020ರವುಗಳಲ್ಲಿ ಮುಂಬದಿಯಲ್ಲಿರುವ ಜಾರ್ಜ್ ವಾಷಿಂಗ್ಟನ್ನರ ಜಡೆಯ ಪಕ್ಕ ‘ಡಬ್ಲ್ಯು’ ಅಕ್ಷರವಿದೆಯೇ ನೋಡಿ. ವೆಸ್ಟ್ ಪಾಯಿಂಟ್ ಟಂಕಸಾಲೆಯ ಅವನ್ನು ಪ್ರತಿ ವಿನ್ಯಾಸಕ್ಕೆ ಸುಮಾರು 20 ಲಕ್ಷ ನಾಣ್ಯಗಳಷ್ಟೇ ಮುದ್ರಿಸಲಾಗಿತ್ತು. ಸಂಗ್ರಾಹಕರು ಮುಖಬೆಲೆಗಿಂತ ಹೆಚ್ಚು ಕೊಡುತ್ತಾರೆ. ಸಿಕ್ಕಿದರೆ ದಯವಿಟ್ಟು ಉಜ್ಜಿ ತೊಳೆಯಬೇಡಿ, ಬೆಲೆ ಇಳಿಯುತ್ತದೆ.