ಪ್ರೆಸ್ಟನ್ ಬಿಟ್ಟು ಹೋಗದ ಪ್ಲಂಬರ್

ಪ್ರಶ್ನೆ: ಸರ್, ಈಗಿನ ಫುಟ್ಬಾಲ್ ಆಟಗಾರರು ಎರಡು ಮೂರು ವರ್ಷಕ್ಕೊಂದು ಕ್ಲಬ್ ಬದಲಾಯಿಸುತ್ತಾರೆ. ಇಂಗ್ಲೆಂಡಿನ ಟಾಮ್ ಫಿನ್ನಿ ಮಾತ್ರ ಕೊನೆವರೆಗೂ ಪ್ರೆಸ್ಟನ್ ನಾರ್ತ್ ಎಂಡ್‌ನಲ್ಲೇ ಇದ್ದರಂತೆ. ಊರಿನ ಮೇಲಿನ ಪ್ರೀತಿಯೋ, ಬೇರೆ ದಾರಿ ಇರಲಿಲ್ಲವೋ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡೂ ಹೌದು. ಪ್ರೀತಿಯ ಕತೆಯನ್ನು ಎಲ್ಲರೂ ಹೇಳುತ್ತಾರೆ, ಇನ್ನೊಂದನ್ನು ಹೇಳುವವರು ಕಡಿಮೆ.

ಫಿನ್ನಿ ಹುಟ್ಟಿದ್ದು 1922ರಲ್ಲಿ, ಪ್ರೆಸ್ಟನ್‌ನಲ್ಲೇ. ಕ್ಲಬ್ಬಿನ ಮೈದಾನ ಡೀಪ್‌ಡೇಲ್ ಮನೆಯಿಂದ ಕೂಗಳತೆ ದೂರ. ಕ್ಲಬ್ ಕರೆದಾಗ ಅಪ್ಪ ಒಪ್ಪಲಿಲ್ಲ, ಮೊದಲು ಪ್ಲಂಬಿಂಗ್ ಕಲಿತು ಮುಗಿಸು ಅಂದರು. ಅಷ್ಟರಲ್ಲಿ ಯುದ್ಧ ಬಂತು, ಹುಡುಗ ಸೇನೆ ಸೇರಿ ಈಜಿಪ್ಟ್, ಇಟಲಿ ಅಂತ ಹೋದ. ಲೀಗ್‌ನಲ್ಲಿ ಮೊದಲ ಪಂದ್ಯ ಆಡಿದ್ದು 1946ರಲ್ಲಿ, 24ರ ವಯಸ್ಸಿಗೆ. ಒಂದು ತಿಂಗಳೊಳಗೆ ಇಂಗ್ಲೆಂಡ್ ತಂಡದಲ್ಲಿದ್ದರು!

ಈಗ ನಿಮ್ಮ ಪ್ರಶ್ನೆಗೆ ಬರೋಣ. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ ಅವರನ್ನು ಕರೆಯಿತು. ಸಹಿ ಹಾಕಿದರೆ 10,000 ಪೌಂಡ್, ಮೇಲೆ ಬಂಗಲೆ, ಕಾರು. ಇಂಗ್ಲೆಂಡಿನಲ್ಲಿ ಆಗ ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ 14 ಪೌಂಡಿಗಿಂತ ಜಾಸ್ತಿ ಸಂಬಳ ಕೊಡುವಂತಿರಲಿಲ್ಲ. ಯಾರಿಗಾದರೂ ಆಸೆ ಆಗುತ್ತದೆ, ಅಲ್ವಾ? ಫಿನ್ನಿ ಹೋಗಿ ಕೇಳಿದರು. ಕ್ಲಬ್ ಸಾಫ್ ಇಲ್ಲ ಅಂದಿತು. ಒಪ್ಪಂದ ಮುಗಿದರೂ ಕ್ಲಬ್ ಬಿಡದೆ ಆಟಗಾರ ಬೇರೆಲ್ಲೂ ಆಡುವಂತಿರಲಿಲ್ಲ, ಆಗಿನ ನಿಯಮವೇ ಹಾಗಿತ್ತು. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ಅವರು ಮುನಿಸಿಕೊಂಡು ಕೂರಲಿಲ್ಲ. ಮತ್ತೆ ಎಂಟು ವರ್ಷ ಆ ಕ್ಲಬ್ಬಿಗಾಗಿಯೇ ಓಡಿದರು, ಜೊತೆಗೆ ಪ್ಲಂಬಿಂಗ್ ಕೆಲಸವನ್ನೂ ನಡೆಸಿದರು. ನಾನು ಪ್ರೀತಿ ಅನ್ನುವುದು ಇದನ್ನು.

ದೊಡ್ಡ ಕಪ್ ಮಾತ್ರ ದಕ್ಕಲಿಲ್ಲ. 1953ರಲ್ಲಿ ಆರ್ಸೆನಲ್ ಜೊತೆ ಅಂಕ ಸಮ, ಗೋಲುಗಳ ಲೆಕ್ಕದಲ್ಲಿ ಕೂದಲೆಳೆಯಲ್ಲಿ ಲೀಗ್ ಪ್ರಶಸ್ತಿ ತಪ್ಪಿತು. ಮರುವರ್ಷ ಎಫ್‌ಎ ಕಪ್ (ಸೋತವರು ಹೊರಬೀಳುವ ಇಂಗ್ಲೆಂಡಿನ ಪಂದ್ಯಾವಳಿ) ಫೈನಲ್‌ನಲ್ಲಿ ಸೋಲು. ಲೀಗ್‌ನಲ್ಲಿ 433 ಪಂದ್ಯ, 187 ಗೋಲು; ಇಂಗ್ಲೆಂಡಿಗೆ 76 ಪಂದ್ಯ, 30 ಗೋಲು. ಮೂಲತಃ ಎಡಗಾಲಿನ ಆಟಗಾರ, ಆಡಿದ್ದು ಹೆಚ್ಚಾಗಿ ಬಲಗಡೆ ವಿಂಗ್‌ನಲ್ಲಿ, ಅಂದರೆ ಮೈದಾನದ ಬಲ ಅಂಚಿನಲ್ಲಿ. 1960ರಲ್ಲಿ ಅವರು ನಿವೃತ್ತರಾದರು, ಮರುವರ್ಷವೇ ಪ್ರೆಸ್ಟನ್ ಮೊದಲ ದರ್ಜೆಯಿಂದ ಕೆಳಗೆ ಬಿತ್ತು. ಇವತ್ತಿಗೂ ಮೇಲೆ ಬಂದಿಲ್ಲ.

ಡೀಪ್‌ಡೇಲ್ ಹೊರಗೆ ಅವರ ಪ್ರತಿಮೆ ಇದೆ, ಫೋಟೋ ಸಿಕ್ಕರೆ ನೋಡಿ. 1956ರಲ್ಲಿ ಚೆಲ್ಸಿ ಮೈದಾನದಲ್ಲಿ ಮಳೆನೀರು ನಿಂತಿದ್ದಾಗ ತೆಗೆದ ಚಿತ್ರವನ್ನು ಆಧರಿಸಿ ಮಾಡಿದ್ದು. ನೀರು ಎರಡೂ ಕಡೆ ರೆಕ್ಕೆಯ ಹಾಗೆ ಚಿಮ್ಮುತ್ತಿದೆ, ಮನುಷ್ಯ ನಡುವೆ ಒಂದು ಕಡೆಗೆ ವಾಲಿಕೊಂಡಿದ್ದಾರೆ, ಕಣ್ಣು ಮಾತ್ರ ಚೆಂಡಿನ ಮೇಲೆ.

ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಯಾರಾದರೂ ಕಾಗದ ಬರೆಯುತ್ತಾರೆ. 1963ರಲ್ಲಿ, 41ನೇ ವಯಸ್ಸಿನಲ್ಲಿ, ಉತ್ತರ ಐರ್ಲೆಂಡಿನ ಡಿಸ್ಟಿಲರಿ ಕ್ಲಬ್ಬಿಗಾಗಿ ಅವರು ಯುರೋಪಿನ ಚಾಂಪಿಯನ್ ಕ್ಲಬ್‌ಗಳ ಪಂದ್ಯಾವಳಿಯಾದ ಯುರೋಪಿಯನ್ ಕಪ್‌ನಲ್ಲಿ ಒಂದೇ ಒಂದು ಪಂದ್ಯ ಆಡಿದರು. ಎದುರಿಗಿದ್ದದ್ದು ಪೋರ್ಚುಗಲ್‌ನ ಬೆನ್ಫಿಕಾ. ಪಂದ್ಯ 3-3 ಡ್ರಾ ಆಯಿತು.